ಮನೆಯಲ್ಲೇ ಚಿತ್ರಮಂದಿರ: ಹಳತಾಗುವ ಪೆಟ್ಟಿಗೆ, ಉಳಿಯುವ ಸೇವೆ

ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಭಾಗದಲ್ಲಿ ವಿದ್ಯುನ್ಮಾನ ವಸ್ತುಗಳ ವ್ಯಾಪಾರವು ಮಳೆ-ಬೆಳೆಗಳನ್ನು ಅನುಸರಿಸಿಯೇ ನಡೆಯುತ್ತದೆ. ಮೆಕ್ಕೆಜೋಳ, ಶೇಂಗಾ, ಹತ್ತಿಯ ಹಣ ರೈತನ ಕೈಸೇರಿದ ಮೇಲೆಯೇ ಟಿ.ವಿ. ಮತ್ತು ಹೋಮ್ ಥಿಯೇಟರ್‌ಗಳ ವಿಚಾರಣೆ ಆರಂಭವಾಗುತ್ತದೆ. ದೀಪಾವಳಿ, ಶ್ರೀ ಗುರು ಕೊಟ್ಟೂರೇಶ್ವರ ಸ್ವಾಮಿಯ ರಥೋತ್ಸವ ಹಾಗೂ ಮದುವೆಯ ಹಂಗಾಮು ಕಳೆದರೆ ಅಂಗಡಿ ಮತ್ತೆ ತಣ್ಣಗಾಗುತ್ತದೆ. ಇಂತಹ ಮಾರುಕಟ್ಟೆಯಲ್ಲಿ ತಪ್ಪು ಸರಕಿನ ಮೇಲೆ ಹೂಡಿದ ಬಂಡವಾಳವು ಮುಂದಿನ ಫಸಲಿನವರೆಗೂ ಸಿಕ್ಕಿಕೊಳ್ಳುತ್ತದೆ. ಅಷ್ಟರಲ್ಲಿ ಆ ಸರಕೇ ಹಳತಾಗಿರುತ್ತದೆ.

ಮನೆಯಲ್ಲಿ ಚಲನಚಿತ್ರ ನೋಡುವ ಸಾಧನಗಳ ವ್ಯಾಪಾರವು ಈ ಅಪಾಯಕ್ಕೆ ಉತ್ತಮ ನಿದರ್ಶನ. ಇದರಲ್ಲಿ ಯಾವುದು ಬೇಗ ಬೆಲೆ ಕಳೆದುಕೊಳ್ಳುತ್ತದೆ, ಯಾವುದು ಬಹುಕಾಲ ಉಳಿಯುತ್ತದೆ ಎಂಬುದನ್ನು ತಿಳಿದವರಿಗೆ ಇಂದಿಗೂ ಇಲ್ಲಿ ದುಡಿಮೆಯ ಅವಕಾಶವಿದೆ.

ಬದಲಾದ ತಲೆಮಾರುಗಳು

1980 ಮತ್ತು 90ರ ದಶಕಗಳಲ್ಲಿ ಬಣ್ಣದ ಟಿ.ವಿ. ಮತ್ತು ವಿಡಿಯೋ ಕ್ಯಾಸೆಟ್ ಪ್ಲೇಯರನ್ನು ರಾತ್ರಿಗಿಷ್ಟು ಎಂದು ಬಾಡಿಗೆಗೆ ಕೊಡುವುದೇ ಸಣ್ಣ ಊರುಗಳಲ್ಲಿ ಒಂದು ಉದ್ಯೋಗವಾಗಿತ್ತು. 1993ರಲ್ಲಿ ವಿ.ಸಿ.ಡಿ.ಯ ಮಾನದಂಡ ರೂಪುಗೊಂಡಿತು. ಒಂದು ಡಿಸ್ಕ್‌ನಲ್ಲಿ ಸುಮಾರು 74 ನಿಮಿಷಗಳ ಚಿತ್ರ ಮಾತ್ರ ಹಿಡಿಯುತ್ತಿದ್ದುದರಿಂದ ಎರಡೂವರೆ ಗಂಟೆಯ ಕನ್ನಡ ಚಿತ್ರಕ್ಕೆ ಎರಡು ಅಥವಾ ಮೂರು ಡಿಸ್ಕ್‌ಗಳು ಬೇಕಾಗುತ್ತಿದ್ದವು. 1996ರ ನವೆಂಬರ್‌ನಲ್ಲಿ ಜಪಾನ್‌ನಲ್ಲಿ ಬಿಡುಗಡೆಯಾದ ಡಿ.ವಿ.ಡಿ.ಯು ಒಂದೇ ಪದರದಲ್ಲಿ 4.7 ಗಿಗಾಬೈಟ್ ಹಿಡಿದಿಟ್ಟು, ಇಡೀ ಚಿತ್ರವನ್ನೂ ಆರು ವಾಹಿನಿಗಳ ಧ್ವನಿಯನ್ನೂ ಒಂದೇ ಡಿಸ್ಕ್‌ನಲ್ಲಿ ತಂದಿತು. ‘ಹೋಮ್ ಥಿಯೇಟರ್’ ಎಂಬ ಮಾತು ಸಾಮಾನ್ಯ ಮನೆಗಳನ್ನು ಮುಟ್ಟಿದ್ದು ಇದರಿಂದಲೇ.

ಡಿಸ್ಕ್‌ನ ಗಾತ್ರ ಹಾಗೆಯೇ ಉಳಿದು ಸಾಮರ್ಥ್ಯ ಮಾತ್ರ ಹೆಚ್ಚಲು ಮುಖ್ಯ ಕಾರಣ ಲೇಸರ್ ಕಿರಣದ ತರಂಗಾಂತರ ಕಿರಿದಾದುದು. ಸಿ.ಡಿ.ಗೆ 780, ಡಿ.ವಿ.ಡಿ.ಗೆ 650, ಬ್ಲೂ-ರೇಗೆ 405 ನ್ಯಾನೋಮೀಟರ್. ಕಿರಣವು ಸೂಕ್ಷ್ಮವಾದಷ್ಟೂ ಅಕ್ಷರಗಳನ್ನು ಒತ್ತೊತ್ತಾಗಿ ಬರೆಯಬಹುದು ಎಂಬುದೇ ಇದರ ತತ್ತ್ವ. 2006ರಲ್ಲಿ ಬ್ಲೂ-ರೇ ಬಂದಾಗ ಅದಕ್ಕೆ ಪೈಪೋಟಿಯಾಗಿ ಎಚ್.ಡಿ. ಡಿ.ವಿ.ಡಿ. ಎಂಬ ಇನ್ನೊಂದು ಮಾದರಿಯೂ ಇತ್ತು. 2008ರ ಫೆಬ್ರವರಿಯಲ್ಲಿ ತೋಷಿಬಾ ಸಂಸ್ಥೆಯು ಅದನ್ನು ಕೈಬಿಟ್ಟಿತು. ಸೋತ ಮಾದರಿಯ ಸರಕನ್ನು ತುಂಬಿಕೊಂಡಿದ್ದವರಿಗೆ ನಷ್ಟವೇ ಉಳಿಯಿತು.

ಭಾರತದ ಅನುಭವ ಇನ್ನೂ ಸ್ಪಷ್ಟವಾಗಿದೆ. 1983ರಲ್ಲಿ ದೆಹಲಿಯಲ್ಲಿ ಸ್ಥಾಪನೆಗೊಂಡ ಮೋಸರ್ ಬೇಯರ್ ಇಂಡಿಯಾ ಸಂಸ್ಥೆಯು ಜಗತ್ತಿನ ಪ್ರಮುಖ ಡಿಸ್ಕ್ ತಯಾರಕರ ಸಾಲಿಗೆ ಸೇರಿತ್ತು. 2007ರ ಹೊತ್ತಿಗೆ ಅದು ಚಲನಚಿತ್ರಗಳ ವಿ.ಸಿ.ಡಿ.ಯನ್ನು 28 ರೂಪಾಯಿಗೂ ಡಿ.ವಿ.ಡಿ.ಯನ್ನು 34 ರೂಪಾಯಿಗೂ ಮಾರುಕಟ್ಟೆಗೆ ತಂದಿತು. ಅದುವರೆಗೆ ಅಧಿಕೃತ ಡಿಸ್ಕ್‌ಗಳ ಬೆಲೆ ಇದರ ಹಲವು ಪಟ್ಟು ಇತ್ತು. ಗ್ರಾಹಕನಿಗೆ ಇದು ಲಾಭವಾಯಿತು. ಹಳೆಯ ದರದ ದಾಸ್ತಾನು ಇಟ್ಟುಕೊಂಡವರಿಗೆ ಪೆಟ್ಟಾಯಿತು. ಆದರೆ ಬೆಲೆಯ ಪೈಪೋಟಿಯಲ್ಲಿ ಮುಂದಿದ್ದ ಆ ಸಂಸ್ಥೆಯೂ ಬೇಡಿಕೆಯ ಕುಸಿತ ಮತ್ತು ಸಾಲದ ಹೊರೆಯನ್ನು ತಾಳಲಾರದೆ ಹೋಯಿತು. 2018ರಲ್ಲಿ ಅದರ ಸಮಾಪನೆಗೆ ಆದೇಶವಾಯಿತು.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭವಾದ ನಂತರ ಮೊಬೈಲ್ ಡೇಟಾ ಅಗ್ಗವಾಗಿ, ಸಿನಿಮಾ ನೇರವಾಗಿ ಅಂತರ್ಜಾಲದ ಮೂಲಕವೇ ಮನೆಗೆ ಬರತೊಡಗಿತು. ಸೋನಿ ಸಂಸ್ಥೆಯು 2025ರ ಫೆಬ್ರವರಿಯಲ್ಲಿ ಬರೆಯಬಲ್ಲ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನೇ ನಿಲ್ಲಿಸಿತು. ಗುಣಮಟ್ಟದಲ್ಲಿ ಡಿಸ್ಕ್ ಇಂದಿಗೂ ಮೇಲು. ಬ್ಲೂ-ರೇಯಲ್ಲಿ ಚಿತ್ರದ ಮಾಹಿತಿ ಸೆಕೆಂಡಿಗೆ 40 ಮೆಗಾಬಿಟ್‌ವರೆಗೂ ಹರಿಯಬಲ್ಲುದು. ಅಂತರ್ಜಾಲದ ಪೂರ್ಣ ಎಚ್.ಡಿ. ಪ್ರಸಾರಕ್ಕೆ ಸಾಮಾನ್ಯವಾಗಿ 5 ಮೆಗಾಬಿಟ್ ಆಸುಪಾಸು ಸಾಕಾಗುತ್ತದೆ. ಆದರೂ ಸಾಮಾನ್ಯ ಗ್ರಾಹಕನು ಅನುಕೂಲವನ್ನೇ ಆರಿಸಿಕೊಂಡಿದ್ದಾನೆ.

ಉಳಿಯುವುದು ಯಾವುದು?

ಇಷ್ಟೆಲ್ಲ ಬದಲಾವಣೆಯ ನಡುವೆ ಒಂದು ಅಂಶ ಗಮನಾರ್ಹ. ಪ್ಲೇಯರ್‌ಗಳು ಹಳತಾದವು, ಸ್ಪೀಕರ್‌ಗಳು ಹಳತಾಗಲಿಲ್ಲ. ಇಪ್ಪತ್ತು ವರ್ಷಗಳ ಹಿಂದಿನ ಉತ್ತಮ ಸ್ಪೀಕರನ್ನು ಇಂದಿನ ಟಿ.ವಿ.ಗೆ ತಕ್ಕ ಆಂಪ್ಲಿಫೈಯರ್ ಮೂಲಕ ಜೋಡಿಸಿ ಬಳಸಬಹುದು. ಅದರ ಅಂಚಿನ ಫೋಮ್ ಹರಿದಿದ್ದರೆ ಹೊಸದನ್ನು ಅಂಟಿಸಿ ರಿಪೇರಿ ಮಾಡಬಹುದು.

ಮತ್ತೊಂದು ಕಡೆ ಟಿ.ವಿ.ಗಳು ದೊಡ್ಡದಾಗುತ್ತ, ತೆಳುವಾಗುತ್ತ ಬಂದಿವೆ. 32 ಅಂಗುಲಕ್ಕಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ತೆಳುವಾದ ಟಿ.ವಿ.ಯಲ್ಲಿ ಒಳ್ಳೆಯ ಸ್ಪೀಕರ್‌ಗೆ ಜಾಗವಿರುವುದಿಲ್ಲ. ಆದ್ದರಿಂದ ಪ್ರತ್ಯೇಕ ಧ್ವನಿ ವ್ಯವಸ್ಥೆಯ ಅಗತ್ಯ ಕಡಿಮೆಯಾಗಿಲ್ಲ. ಅದನ್ನು ಸರಿಯಾಗಿ ಆರಿಸಿ, ಜೋಡಿಸಿ ಕೊಡುವ ತಿಳಿವಳಿಕೆಗೆ ಬೆಲೆಯಿದೆ. ಆ ತಿಳಿವಳಿಕೆಯ ಮುಖ್ಯ ಅಂಶಗಳು ಹೀಗಿವೆ.

ವ್ಯಾಟ್ ಲೆಕ್ಕದ ಸತ್ಯ

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮುದ್ರಿಸುವ ಪಿ.ಎಂ.ಪಿ.ಒ. ಸಂಖ್ಯೆಗೆ ಸರ್ವಸಮ್ಮತ ಅಳತೆಯಿಲ್ಲ. ನಂಬಬೇಕಾದದ್ದು ಆರ್.ಎಂ.ಎಸ್. ವ್ಯಾಟ್. ಅದೂ ಸಂದೇಹವಾದರೆ ಯಂತ್ರದ ಹಿಂಬದಿಯಲ್ಲಿ ನಮೂದಿಸಿರುವ ವಿದ್ಯುತ್ ಬಳಕೆಯನ್ನು ನೋಡಬೇಕು. ಗೋಡೆಯಿಂದ 60 ವ್ಯಾಟ್ ಪಡೆಯುವ ಯಂತ್ರವು ನಿರಂತರವಾಗಿ 5,000 ವ್ಯಾಟ್ ಧ್ವನಿ ನೀಡಲಾರದು. ಜಮೆಯಾದ ಹಣಕ್ಕಿಂತ ಹೆಚ್ಚು ಖರ್ಚು ತೋರಿಸುವ ಖಾತೆಯನ್ನು ಯಾವ ವ್ಯಾಪಾರಿಯೂ ನಂಬುವುದಿಲ್ಲ. ಇಲ್ಲಿಯೂ ಅದೇ ನ್ಯಾಯ.

ಕಿವಿಯ ಲೆಕ್ಕವೂ ಬೇರೆ. ವ್ಯಾಟ್ ಇಮ್ಮಡಿಯಾದರೆ ಧ್ವನಿ ಕೇವಲ 3 ಡೆಸಿಬಲ್ ಏರುತ್ತದೆ. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಆದ್ದರಿಂದ ಸಾಮಾನ್ಯ ಕೋಣೆಗೆ ಹೆಚ್ಚು ವ್ಯಾಟ್‌ಗಿಂತ ಗುಣಮಟ್ಟದ ಸ್ಪೀಕರ್ ಮುಖ್ಯ. ಈ ಸತ್ಯವನ್ನು ಮೊದಲೇ ತಿಳಿಸಿ ಮಾರಿದ ಅಂಗಡಿಗೆ ಗ್ರಾಹಕನು ದೂರು ಹೊತ್ತು ಬರುವುದಿಲ್ಲ, ಮುಂದಿನ ಖರೀದಿಗೆ ಬರುತ್ತಾನೆ.

ಖರೀದಿಯಲ್ಲಿ ವ್ಯಾಪಾರಿಯೂ ಎಚ್ಚರ ವಹಿಸಬೇಕು. 2012ರ ಕಡ್ಡಾಯ ನೋಂದಣಿ ಆದೇಶದ ಮೊದಲ ಪಟ್ಟಿಯಲ್ಲಿಯೇ ಟಿ.ವಿ., ಸೆಟ್-ಟಾಪ್ ಬಾಕ್ಸ್ ಹಾಗೂ ಅಂತರ್ಗತ ಆಂಪ್ಲಿಫೈಯರ್ ಉಳ್ಳ ಡಿಸ್ಕ್ ಪ್ಲೇಯರ್‌ಗಳು ಗೊತ್ತಾದ ಮಿತಿಗಳಿಗೆ ಒಳಪಟ್ಟು ಸೇರಿದ್ದವು. ಇಂತಹ ಸರಕಿನ ಮೇಲೆ ಬಿ.ಐ.ಎಸ್. ನೋಂದಣಿ ಸಂಖ್ಯೆ ಇದೆಯೇ ಎಂದು ಪರಿಶೀಲಿಸಿಯೇ ದಾಸ್ತಾನು ಮಾಡುವುದು ಕ್ಷೇಮ.

ಕೋಣೆಯೇ ಅರ್ಧ ಯಂತ್ರ

ಈ ಭಾಗದ ಅನೇಕ ಮನೆಗಳಲ್ಲಿ ನೆಲಕ್ಕೆ ಕಲ್ಲಿನ ಹಾಸು, ಗೋಡೆಗೆ ಸಿಮೆಂಟಿನ ಗಿಲಾವು ಇರುತ್ತದೆ. ಇಂತಹ ಗಟ್ಟಿ ಮೇಲ್ಮೈಗಳಿಂದ ಧ್ವನಿ ಪುಟಿದು ಬಂದು ಮಾತು ಕಲಸಿಹೋಗುತ್ತದೆ. ಇದಕ್ಕೆ ದುಬಾರಿ ಪರಿಹಾರ ಬೇಕಿಲ್ಲ. ನೆಲಕ್ಕೆ ದಪ್ಪ ಜಮಖಾನ, ಕೂರುವವರ ಹಿಂದಿನ ಗೋಡೆಗೆ ಒಂದು ಕೌದಿ, ಕಿಟಕಿಗೆ ದಪ್ಪ ಪರದೆ ಹಾಕಿದರೆ ಮಾತಿನ ಸ್ಪಷ್ಟತೆಯಲ್ಲಿ ವ್ಯತ್ಯಾಸ ಕಾಣುತ್ತದೆ.

ಸ್ಪೀಕರ್‌ಗಳ ಸ್ಥಾನಕ್ಕೆ ಅಂತಾರಾಷ್ಟ್ರೀಯ ಶಿಫಾರಸು ಇದೆ. ಕೂರುವ ಸ್ಥಳದಿಂದ ನೋಡಿದಾಗ ಮುಂದಿನ ಎರಡು ಸ್ಪೀಕರ್‌ಗಳು ಎಡ-ಬಲಕ್ಕೆ 30 ಡಿಗ್ರಿ ಕೋನದಲ್ಲಿರಬೇಕು. ನಡುವಿನದು ಟಿ.ವಿ.ಯ ನೇರಕ್ಕೆ, ಹಿಂದಿನ ಎರಡು 100ರಿಂದ 120 ಡಿಗ್ರಿ ಕೋನದಲ್ಲಿ, ಅಂದರೆ ಕಿವಿಯ ಪಕ್ಕಕ್ಕಿಂತ ತುಸು ಹಿಂದೆ ಇರಬೇಕು. ಹಿಂದಿನ ಸ್ಪೀಕರ್‌ಗಳನ್ನು ಕೋಣೆಯ ದೂರದ ಮೂಲೆಗೆ ಮೊಳೆ ಹೊಡೆದು ನೇತುಹಾಕುವ ಪದ್ಧತಿ ಸರಿಯಲ್ಲ. ಸಬ್‌ವೂಫರನ್ನು ಮೂಲೆಗೆ ತಳ್ಳಿದರೆ ಗುಡುಗು ಹೆಚ್ಚಿ ಸ್ಪಷ್ಟತೆ ಕುಗ್ಗುತ್ತದೆ. ಒಂದೆರಡು ಅಡಿ ಸರಿಸಿ ಕೇಳಿ ನೋಡಬೇಕು.

‘ಹಾಡು ಜೋರಾಗಿದೆ, ಮಾತು ಕೇಳುವುದಿಲ್ಲ’ ಎಂಬುದು ಸಾಮಾನ್ಯ ದೂರು. ಆರು ವಾಹಿನಿಗಳ ಚಿತ್ರದಲ್ಲಿ ಸಂಭಾಷಣೆಯು ಬಹುತೇಕ ನಡುವಿನ ಸ್ಪೀಕರ್‌ನಿಂದಲೇ ಬರುತ್ತದೆ. ಆ ಸ್ಪೀಕರ್‌ನ ವೈರು ಸಡಿಲವಾಗಿದ್ದರೆ, ಇಲ್ಲವೇ ಎರಡೇ ಸ್ಪೀಕರ್ ಜೋಡಿಸಿ ಪ್ಲೇಯರನ್ನು 5.1ರಲ್ಲಿಯೇ ಬಿಟ್ಟಿದ್ದರೆ ಮಾತು ಮರೆಯಾಗುತ್ತದೆ. ಎರಡೇ ಸ್ಪೀಕರ್ ಇರುವಲ್ಲಿ ಪ್ಲೇಯರನ್ನು ಸ್ಟೀರಿಯೋಗೆ ಹೊಂದಿಸಬೇಕು. 1972ರ ‘ಬಂಗಾರದ ಮನುಷ್ಯ’ದಂತಹ ಹಳೆಯ ಚಿತ್ರಗಳು ಒಂದೇ ವಾಹಿನಿಯ ಧ್ವನಿಯಲ್ಲಿ ತಯಾರಾದವು, ಅವುಗಳಿಗೆ ಹಿಂದಿನ ಸ್ಪೀಕರ್‌ಗಳ ಅಬ್ಬರ ಬೇಕಿಲ್ಲ.

ಜೋಡಣೆ ಮತ್ತು ವಿದ್ಯುತ್

ಎರಡು ಸ್ಪೀಕರ್‌ಗಳಲ್ಲಿ ಒಂದರ ಕೆಂಪು-ಕಪ್ಪು ವೈರುಗಳು ಅದಲುಬದಲಾದರೆ ಒಂದರ ಮಂದ್ರಧ್ವನಿಯನ್ನು ಇನ್ನೊಂದು ಅಳಿಸಿಹಾಕುತ್ತದೆ. ಗುರುತು ಅಳಿಸಿಹೋಗಿದ್ದರೆ ಆಂಪ್ಲಿಫೈಯರ್‌ನಿಂದ ಬಿಡಿಸಿ, 1.5 ವೋಲ್ಟ್ ಸೆಲ್‌ನ ಎರಡು ತುದಿಗಳನ್ನು ಕ್ಷಣಮಾತ್ರ ತಾಗಿಸಬೇಕು. ಕೋನ್ ಹೊರಕ್ಕೆ ಬಂದರೆ ಸೆಲ್‌ನ ಧನ ತುದಿ ತಾಗಿದ್ದೇ ಕೆಂಪು ತುದಿ.

ಹಳದಿ-ಕೆಂಪು-ಬಿಳಿ ಪಿನ್ನುಗಳ ಹಳೆಯ ಪ್ಲೇಯರ್‌ಗೆ ಹೊಸ ಟಿ.ವಿ.ಯಲ್ಲಿ ಜಾಗವಿಲ್ಲದಿದ್ದರೆ ಸಣ್ಣ ಎಚ್.ಡಿ.ಎಂ.ಐ. ಪರಿವರ್ತಕ ಸಾಕು. ಟಿ.ವಿ.ಯ ಧ್ವನಿಯನ್ನು ಹೋಮ್ ಥಿಯೇಟರ್‌ಗೆ ಮರಳಿ ಕಳಿಸುವ ಎ.ಆರ್.ಸಿ. ಸೌಲಭ್ಯ 2009ರ ಎಚ್.ಡಿ.ಎಂ.ಐ. 1.4ರಲ್ಲಿ ಬಂದಿತು. ಅದಕ್ಕೂ ಹಿಂದಿನ ಯಂತ್ರಕ್ಕೆ ಆಪ್ಟಿಕಲ್ ಅಥವಾ ಇಯರ್‌ಫೋನ್ ತೂತಿನಿಂದ ಸಂಪರ್ಕ ಕೊಡಬಹುದು. ಹೀಗೆ ಹಳೆಯ ಸೆಟ್ ಉಳಿಸಿಕೊಟ್ಟ ವ್ಯಾಪಾರಿಯು ಒಂದು ಮಾರಾಟ ಕಳೆದುಕೊಂಡರೂ ಒಂದು ಮನೆಯ ನಂಬಿಕೆ ಗಳಿಸುತ್ತಾನೆ.

ಎಲ್ಲ ಯಂತ್ರಗಳಿಗೂ ಒಂದೇ ಬೋರ್ಡಿನಿಂದ, ಸರಿಯಾದ ಅರ್ತಿಂಗ್ ಸಹಿತ ವಿದ್ಯುತ್ ಕೊಟ್ಟರೆ ‘ಗುಂಯ್’ ಎನ್ನುವ ಸದ್ದು ಬಹುತೇಕ ಇಲ್ಲವಾಗುತ್ತದೆ. ವೋಲ್ಟೇಜ್ ಏರಿಳಿಯುವಲ್ಲಿ ಸ್ಟೆಬಿಲೈಸರ್ ಅವಶ್ಯ. ಮುಂಗಾರಿನ ಗುಡುಗು-ಸಿಡಿಲಿನ ವೇಳೆ ಪ್ಲಗ್ಗಿನೊಂದಿಗೆ ಡಿಶ್ ಕೇಬಲನ್ನೂ ಬಿಡಿಸಿಡಬೇಕು.

ಮದುವೆ ಡಿಸ್ಕ್‌ಗಳು: ತಡಮಾಡಬಾರದ ಕೆಲಸ

ಸುಮಾರು 2000ದಿಂದ 2015ರವರೆಗೆ ನಡೆದ ಅಸಂಖ್ಯ ಮದುವೆ, ಗೃಹಪ್ರವೇಶ, ಜಾತ್ರೆಗಳ ದೃಶ್ಯಗಳು ಇಂದಿಗೂ ಬರೆಯಬಲ್ಲ ಡಿಸ್ಕ್‌ಗಳಲ್ಲಿಯೇ ಉಳಿದಿವೆ. ಇಂತಹ ಡಿಸ್ಕ್‌ಗಳಲ್ಲಿ ಮಾಹಿತಿಯು ಸಾಮಾನ್ಯವಾಗಿ ಒಂದು ಬಣ್ಣದ ಪದರದಲ್ಲಿರುತ್ತದೆ. ಬಿಸಿಲು, ಸೆಕೆಗೆ ಆ ಪದರ ಕ್ರಮೇಣ ಕೆಡುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಅಟ್ಟದ ಮೇಲಿಟ್ಟ ಡಿಸ್ಕ್ ಇನ್ನೆಷ್ಟು ವರ್ಷ ಓಡುವುದೆಂದು ಯಾರೂ ಭರವಸೆ ಕೊಡಲಾರರು. ತೀರಿಹೋದ ಹಿರಿಯರ ನಡೆ-ನುಡಿಯ ಏಕೈಕ ದಾಖಲೆ ಆ ಡಿಸ್ಕ್ ಆಗಿರುವ ಮನೆಗಳು ಪ್ರತಿ ಬೀದಿಯಲ್ಲೂ ಇವೆ. ಅದನ್ನು ಓದಬಲ್ಲ ಪ್ಲೇಯರ್ ಮಾತ್ರ ಆ ಮನೆಗಳಲ್ಲಿ ಇಲ್ಲ.

ಒಂದು ಕಂಪ್ಯೂಟರ್ ಮತ್ತು ಸುಸ್ಥಿತಿಯಲ್ಲಿರುವ ಒಂದು ಡಿ.ವಿ.ಡಿ. ಡ್ರೈವ್ ಇದ್ದರೆ ಈ ಸೇವೆ ಆರಂಭಿಸಬಹುದು. ಡಿಸ್ಕ್ ಅನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತು ಹಾಕಿ ಒರೆಸಬಾರದು. ಮೂಲ ಕಡತಗಳನ್ನು ಕುಗ್ಗಿಸದೆ ಹಾಗೆಯೇ ನಕಲು ಮಾಡಬೇಕು. ಪೆನ್ ಡ್ರೈವ್ ಒಂದನ್ನೇ ನೆಚ್ಚದೆ ಎರಡು ಬೇರೆ ಬೇರೆ ಸಾಧನಗಳಲ್ಲಿ ಪ್ರತಿ ಇಡುವಂತೆ ತಿಳಿಸಬೇಕು.

ಕಾನೂನಿನ ಎಲ್ಲೆ

ಇಲ್ಲಿ ಒಂದು ಎಲ್ಲೆಯನ್ನು ಮರೆಯಬಾರದು. ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಹಣ ಕೊಟ್ಟು ತೆಗೆಸಿದ ಮದುವೆ ಚಿತ್ರದ ಮೊದಲ ಹಕ್ಕು ತೆಗೆಸಿದವರದೇ. ಚಲನಚಿತ್ರದ ಡಿಸ್ಕ್‌ನ ಸಂಗತಿ ಬೇರೆ. ಅದನ್ನು ನಕಲು ಮಾಡಿ ಮಾರುವುದು, ಪೆನ್ ಡ್ರೈವ್‌ಗೆ ಸಿನಿಮಾ ತುಂಬಿಕೊಡುವುದು ಅಪರಾಧ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನಡಿ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಜನರು ಗೂಂಡಾ ಕಾಯ್ದೆ ಎಂದು ಕರೆಯುವ ಕರ್ನಾಟಕದ 1985ರ ಕಾಯ್ದೆಯ ವ್ಯಾಪ್ತಿಗೆ ತಿದ್ದುಪಡಿಯ ಮೂಲಕ ವಿಡಿಯೋ ಮತ್ತು ಆಡಿಯೋ ನಕಲುಕೋರರನ್ನೂ ಸೇರಿಸಲಾಗಿದೆ. ಕೆಲವು ನೂರು ರೂಪಾಯಿಗಳ ಆಸೆಗೆ ಅಂಗಡಿಯ ಹೆಸರನ್ನು ಪಣಕ್ಕಿಡುವುದು ವಿವೇಕವಲ್ಲ.

ಖಾತೆ ಪುಸ್ತಕದ ಮಾತು

ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. 3,000 ರೂಪಾಯಿಗೆ ಕೊಂಡ ಪ್ಲೇಯರನ್ನು 3,300ಕ್ಕೆ ಮಾರಿದರೆ ಲಾಭ 300 ರೂಪಾಯಿ. ಬಂಡವಾಳದ ಮೇಲೆ ತಿಂಗಳಿಗೆ ಶೇ. 1.5ರಂತೆ ಬಡ್ಡಿ ಹಿಡಿದು, ಆ ಪ್ಲೇಯರ್ ಎಂಟು ತಿಂಗಳು ಕಪಾಟಿನಲ್ಲಿ ಕುಳಿತರೆ ಬಡ್ಡಿಯೇ 360 ರೂಪಾಯಿ. ಅಂದರೆ ಮಾರಾಟವಾದರೂ 60 ರೂಪಾಯಿ ನಷ್ಟ. ಮಾದರಿ ಹಳತಾಗಿ ಬೆಲೆ ಇಳಿದರೆ ಇನ್ನೂ ಹೆಚ್ಚು. ಅದೇ ವ್ಯಾಪಾರಿಯು ಎರಡು ತಾಸು ಕೆಲಸ ಮಾಡಿ ಒಂದು ಮನೆಯ ಸೆಟ್ ಸರಿಪಡಿಸಿ 500 ರೂಪಾಯಿ ಪಡೆದರೆ ಅದರಲ್ಲಿ ದಾಸ್ತಾನಿನ ಬಡ್ಡಿಯಿಲ್ಲ, ಹಳತಾಗುವ ಭಯವಿಲ್ಲ.

ಆದ್ದರಿಂದ ಡಿಸ್ಕ್ ಪ್ಲೇಯರ್‌ಗಳನ್ನು ಬೇಡಿಕೆ ಬಂದಾಗ ಮಾತ್ರ ತರಿಸುವುದು, ಸ್ಪೀಕರ್, ವೈರು, ಪರಿವರ್ತಕಗಳನ್ನು ಮಿತವಾಗಿ ಇಟ್ಟುಕೊಳ್ಳುವುದು, ಜೋಡಣೆಯ ಶುಲ್ಕವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸುವುದು ಉತ್ತಮ ಕ್ರಮ. ಸಣ್ಣ ತಯಾರಕರಿಗೂ ಇಲ್ಲಿ ಎಡೆಯಿದೆ. ಸ್ಪೀಕರ್ ಪೆಟ್ಟಿಗೆ, ಗೋಡೆಯ ಸ್ಟ್ಯಾಂಡ್, ಧ್ವನಿ ಹೀರುವ ಹತ್ತಿಯ ಹಲಗೆ ಇವೆಲ್ಲ ಬಡಗಿ, ವೆಲ್ಡರ್ ಮತ್ತು ಹೊಲಿಗೆಯವರು ಸ್ಥಳೀಯವಾಗಿಯೇ ಮಾಡಬಹುದಾದ ವಸ್ತುಗಳು.

ಕ್ಯಾಸೆಟ್ ಹೋಗಿ ಡಿಸ್ಕ್ ಬಂದಿತು, ಡಿಸ್ಕ್ ಸರಿದು ಅಂತರ್ಜಾಲ ಬಂದಿದೆ. ಇದೂ ಒಂದು ದಿನ ಬದಲಾಗಬಹುದು. ದಿನದ ಕೆಲಸ ಮುಗಿಸಿ ಮನೆಮಂದಿ ಒಟ್ಟಿಗೆ ಕುಳಿತು ಚಿತ್ರ ನೋಡುವ ಆಸೆ ಮಾತ್ರ ಬದಲಾಗಿಲ್ಲ. ಆ ಆಸೆಗೆ ಪ್ರಾಮಾಣಿಕವಾಗಿ ಸೇವೆ ಸಲ್ಲಿಸಬಲ್ಲ ಅಂಗಡಿಗೆ ಪ್ರತಿ ಹಂಗಾಮಿನಲ್ಲೂ ಗಿರಾಕಿ ಇದ್ದೇ ಇರುತ್ತಾನೆ.