ಉದ್ಯೋಗ ಖಾತರಿ: ಪರಿಹಾರಧನದ ಬದಲು ಕೆಲಸ

1972-73ರ ಭೀಕರ ಬರದಲ್ಲಿ ಕಂಗೆಟ್ಟ ಹಳ್ಳಿಗರಿಗೆ ಮಹಾರಾಷ್ಟ್ರ ಸರ್ಕಾರ ಕೆರೆ, ರಸ್ತೆ, ಬದು ನಿರ್ಮಾಣದ ಕೂಲಿ ಕೆಲಸ ಕೊಟ್ಟಿತು. ವಿ.ಎಸ್. ಪಾಗೆ ಅವರ ಚಿಂತನೆಯ ಈ ಯೋಜನೆಗೆ 1977ರ ಕಾಯ್ದೆ ಶಾಸನಬಲ ನೀಡಿತು. ಖರ್ಚಿಗೆಂದು ವೃತ್ತಿ ತೆರಿಗೆ ಹಾಕಿದರು. ನಗರದ ಸಂಬಳದಾರರ ಹಣ ಹಳ್ಳಿಯ ಕೂಲಿಗೆ ಹರಿಯಿತು. ನಿಜಕ್ಕೂ ಧೀಮಂತ ನಿರ್ಧಾರ.

2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಗೆ ಇದೇ ಪ್ರೇರಣೆ. 2006ರ ಫೆಬ್ರುವರಿ 2ರಂದು 200 ಜಿಲ್ಲೆಗಳಲ್ಲಿ ಜಾರಿ. ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸದ ಖಾತರಿ ಇತ್ತು. ಅರ್ಜಿ ಕೊಟ್ಟ 15 ದಿನಗಳಲ್ಲಿ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಇತ್ತು: ಮೊದಲ 30 ದಿನ ಕೂಲಿಯ ಕನಿಷ್ಠ ಕಾಲು ಭಾಗ, ನಂತರ ಕನಿಷ್ಠ ಅರ್ಧ. ಈ ಕಾಯ್ದೆಯಡಿ ಕೌಶಲರಹಿತ ಕೆಲಸದ ಕೂಲಿ ಕೇಂದ್ರದ ಹೊಣೆಯಾಗಿತ್ತು, ಭತ್ಯೆ ರಾಜ್ಯದ ಹೊಣೆಯಾಗಿತ್ತು. ಇವೆರಡನ್ನು ಅದಲುಬದಲು ಮಾಡಿಕೊಳ್ಳಬೇಡಿ.