ಹೊತ್ತಿಲ್ಲದವರಿಗೆ ಸಂತ ಬರ್ನಾರ್ಡರ ಬುದ್ಧಿಮಾತು



ಭಾನುವಾರದ ಪೂಜೆ ಮುಗಿಸಿ ಅಂಗಳಕ್ಕೆ ಇಳಿದೊಡನೆ ನಮ್ಮಲ್ಲಿ ಎಷ್ಟೋ ಮಂದಿಯ ಕೈ ಫೋನಿಗೆ ಹೋಗುತ್ತದೆ. ಹೊಸೂರಿನ ಕಾರ್ಖಾನೆಗಳಲ್ಲಿ ಶಿಫ್ಟ್ ನೋಡಿಕೊಳ್ಳುವವರು, ಶಾಲೆಯ ಮುಖ್ಯೋಪಾಧ್ಯಾಯಿನಿಯರು, ಆಸ್ಪತ್ರೆಯ ಹಿರಿಯ ನರ್ಸುಗಳು, ಎಲ್ಲರದೂ ಒಂದೇ ದೂರು: ಹೊತ್ತೇ ಸಾಲದು. ಇದೇ ದೂರಿಗೆ ಹನ್ನೆರಡನೆಯ ಶತಮಾನದಲ್ಲಿ ಸಿಕ್ಕಿದ ಉತ್ತರವೊಂದನ್ನು ಈ ತಿಂಗಳ ಅಧ್ಯಯನಕ್ಕೆ ಆರಿಸಿಕೊಂಡಿದ್ದೇವೆ.

1145ರಲ್ಲಿ ಜಗದ್ಗುರುಗಳಾಗಿ ಆಯ್ಕೆಯಾದ ಪೋಪ್ ಮೂರನೆಯ ಯುಜೀನರು ಸಿಸ್ಟರ್ಷಿಯನ್ ಸನ್ಯಾಸಿ. ಫ್ರಾನ್ಸಿನ ಕ್ಲೇರ್ವೋ ಮಠದಲ್ಲಿ ಸಂತ ಬರ್ನಾರ್ಡರ ಕೈಯಲ್ಲಿ ಪಳಗಿದವರು. ಮೌನ, ಪ್ರಾರ್ಥನೆಗಳಿಗೆ ಒಗ್ಗಿದ್ದ ಅವರಿಗೆ ರೋಮಿನಲ್ಲಿ ಎದುರಾದದ್ದು ವ್ಯಾಜ್ಯಗಳ ರಾಶಿ. ಬೆಳಗಿನಿಂದ ಸಂಜೆಯ ತನಕ ಮೇಲ್ಮನವಿ, ವಕೀಲರ ವಾದ. ಶಿಷ್ಯನ ಪಾಡು ಕಂಡು ಹಳೆಯ ಗುರು ಐದು ಭಾಗಗಳ ಪುಸ್ತಕವನ್ನೇ ಬರೆದರು. 'ದೆ ಕನ್ಸಿದೆರಾತ್ಸಿಯೋನೆ' ಎಂದು ಅದರ ಹೆಸರು. ಆಲೋಚನೆಯನ್ನು ಕುರಿತು ಎಂದರ್ಥ. ಶಿಷ್ಯ ಈಗ ಪೋಪ್ ಆಗಿದ್ದರೂ ಗುರುವಿನ ಮಾತಿನಲ್ಲಿ ದಾಕ್ಷಿಣ್ಯವಿಲ್ಲ.

ಬರ್ನಾರ್ಡರಿಗೆ ಅಂಜಿಕೆ ಇದ್ದದ್ದು ದಣಿವಿನದಲ್ಲ. ದಣಿದವನಿಗೆ ಇನ್ನೂ ನೋವು ತಿಳಿಯುತ್ತದೆ. ಹೊರೆ ಭಾರವೆಂದು ನರಳುವ ಮನಸ್ಸು ಮೆಲ್ಲಮೆಲ್ಲನೆ ಅದಕ್ಕೆ ಒಗ್ಗಿಕೊಂಡು, ಕಡೆಗೆ ಆ ಗದ್ದಲದಲ್ಲೇ ಸುಖ ಕಾಣತೊಡಗುತ್ತದೆ. ಹೃದಯ ಕಲ್ಲಾಗುವ ಬಗೆಯೇ ಇದು ಎಂದು ಅವರು ಎಚ್ಚರಿಸುತ್ತಾರೆ. 'ಪುರುಸೊತ್ತಿಲ್ಲ' ಎನ್ನುವಾಗ ನಮ್ಮ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇರುತ್ತದಲ್ಲ, ಅದನ್ನು ಗಮನಿಸೋಣ.

ಹಾಗೆಂದು ಕೆಲಸ ಬಿಟ್ಟು ಮಠಕ್ಕೆ ಮರಳು ಎಂದು ಅವರು ಹೇಳಲಿಲ್ಲ. ಆಗಾಗ ಕೆಲಸದಿಂದ ಸ್ವಲ್ಪ ಹೊತ್ತು ಕಸಿದುಕೊಂಡು ನಾಲ್ಕನ್ನು ಯೋಚಿಸಬೇಕು: ತನ್ನನ್ನು, ತನ್ನ ಕೆಳಗಿರುವವರನ್ನು, ಸುತ್ತಲಿರುವವರನ್ನು, ಮೇಲಿರುವ ದೇವರನ್ನು. ಬೇರೊಂದು ಪ್ರಬೋಧನೆಯಲ್ಲಿ ಅವರು ಹೋಲಿಕೆಯೊಂದನ್ನು ಕೊಡುತ್ತಾರೆ. ಕಾಲುವೆ ಬಂದ ನೀರನ್ನು ಬಂದಂತೆ ಹರಿಯಬಿಡುತ್ತದೆ. ಕೆರೆಯಾದರೆ ತಾನು ತುಂಬಿದ ಮೇಲೆ ಕೋಡಿ ಬಿಡುತ್ತದೆ. ಕೆರೆಗಳ ಸೀಮೆಯ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಲಹೆ. ವ್ಯಾಜ್ಯಗಳಲ್ಲಿ ಹೆಚ್ಚಿನವನ್ನು ಬೇರೆಯವರಿಗೆ ಒಪ್ಪಿಸು, ಕೆಲವನ್ನು ಕೇಳಲೇಬೇಡ ಎನ್ನುತ್ತಾರೆ ಬರ್ನಾರ್ಡರು. ಇಷ್ಟನ್ನು ಇಂದಿನ ಮ್ಯಾನೇಜ್‌ಮೆಂಟ್ ತರಬೇತಿಯಲ್ಲೂ ಹೇಳುತ್ತಾರೆ. ಆದರೆ ಪೋಪ್ ತಾವೇ ಕೇಳಬೇಕಾದದ್ದು ಯಾರ ಮೊರೆ? ವಿಧವೆಯದು, ಬಡವರದು, ಕೊಡಲು ಕೈಯಲ್ಲಿ ಏನೂ ಇಲ್ಲದವರದು. ನಾವಾದರೋ ದೊಡ್ಡವರ ಕೆಲಸವನ್ನು ಮೇಜಿನ ಮೇಲಿಟ್ಟುಕೊಂಡು ಇಂಥವರನ್ನು ಇನ್ನೊಬ್ಬರತ್ತ ಸಾಗಹಾಕುತ್ತೇವೆ.

ನಮ್ಮ ಅಧ್ಯಯನ ಕೂಟದ ಸದಸ್ಯರೊಬ್ಬರು ಕಾರ್ಖಾನೆಯೊಂದರ ಸೂಪರ್‌ವೈಸರ್. ಒಡಿಶಾದಿಂದ ಗುತ್ತಿಗೆ ಕೆಲಸಕ್ಕೆ ಬಂದ ಹುಡುಗ ಮೂರು ದಿನ ಅವರ ಮೇಜಿನ ಬಳಿ ಬಂದು ನಿಂತಿದ್ದ. ತಮಿಳು ಬಾರದು, ಕನ್ನಡ ಬಾರದು. ಇವರು ಪ್ರತಿಸಲವೂ 'ನಾಳೆ' ಎಂದು ಕೈಸನ್ನೆ ಮಾಡಿ ಕಳಿಸಿದರು. ನಾಲ್ಕನೆಯ ದಿನ ನೋಡಿದರೆ ಅವನ ಬೆರಳು ಊದಿ ಕೀವು ತುಂಬಿತ್ತು. ಯಂತ್ರದಿಂದಾದ ಗಾಯವನ್ನು ತೋರಿಸಲೆಂದೇ ಅವನು ಬರುತ್ತಿದ್ದ. "ಆ ಮೂರು ದಿನವೂ ನನ್ನ ರಿಪೋರ್ಟು ಹೊತ್ತಿಗೆ ಸರಿಯಾಗಿ ಹೋಗಿತ್ತು" ಎಂದು ಅವರು ಹೇಳಿದಾಗ ಕೂಟದಲ್ಲಿ ಯಾರೂ ಮಾತಾಡಲಿಲ್ಲ.

ಭಾಷೆ ಬಾರದವನ ಮಾತು ಕೇಳಲು ಹೆಚ್ಚು ಹೊತ್ತು ಬೇಕು. ಹೊತ್ತಿಲ್ಲದವನು ಮೊದಲು ಕೈಬಿಡುವುದು ಅವನನ್ನೇ. ಕನ್ನಡದ ಅರ್ಜಿ ಹಿಡಿದು ಕಚೇರಿಗಳ ಬಾಗಿಲಲ್ಲಿ ನಿಂತ ನಮ್ಮ ಹಿರಿಯರಿಗೆ ಈ ಕಷ್ಟ ಗೊತ್ತಿತ್ತು.

ಆ ಸದಸ್ಯರು ಈಗ ಶಿಫ್ಟಿಗೆ ಕಾಲು ಗಂಟೆ ಮೊದಲೇ ಹೋಗಿ, ಫೋನು ಆರಿಸಿ, ಗೇಟಿನ ಹೊರಗೆ ಬೈಕಿನ ಪಕ್ಕ ನಿಲ್ಲುತ್ತಾರೆ. ನಿನ್ನೆ ಯಾರನ್ನು 'ನಾಳೆ' ಎಂದು ಕಳಿಸಿದೆ ಎಂದು ನೆನೆದು, ಅವರನ್ನು ಮೊದಲು ಕರೆಯುತ್ತಾರೆ.

ಮುಂದಿನ ಕೂಟಕ್ಕೆ ಬರುವವರು ಒಂದು ಚೀಟಿ ತನ್ನಿ. ಕಳೆದ ವಾರ ನಿಮಗಾಗಿ ಕಾದು ಹಿಂದಿರುಗಿದವರು ಯಾರು ಯಾರು ಎಂದು ಅದರಲ್ಲಿ ಬರೆದಿರಲಿ. ಯಾರೂ ಓದಿ ಹೇಳಬೇಕಾಗಿಲ್ಲ.