ಮೆದುಳಿನ ಬ್ರೇಕ್ ತಡವಾದರೆ ತಪ್ಪು ಯಾರದು?

ಮಕ್ಕಳೇ, ಇಂದಿನ ಪಾಠವನ್ನು ಒಂದು ಆಟದಿಂದ ಆರಂಭಿಸೋಣ.

ಮಾಡಿ ನೋಡಿ

ಇಬ್ಬರು ಎದುರುಬದುರಾಗಿ ಕುಳಿತುಕೊಳ್ಳಿ. ಒಬ್ಬರು ನೆಲವನ್ನು ಒಂದು ಸಲ ತಟ್ಟಿದರೆ ಇನ್ನೊಬ್ಬರು ಎರಡು ಸಲ ತಟ್ಟಬೇಕು. ಅವರು ಎರಡು ಸಲ ತಟ್ಟಿದರೆ ಇವರು ಒಂದೇ ಸಲ ತಟ್ಟಬೇಕು. ಬೇಗ ಬೇಗನೆ 20 ಬಾರಿ ಆಡಿ. ಎಷ್ಟು ತಪ್ಪಾದವು ಎಂದು ಎಣಿಸಿ.

ನಿಯಮ ಸುಲಭ. ಆದರೂ ಕೈ ತಪ್ಪುತ್ತದೆ, ಅಲ್ಲವೇ? ಕಂಡದ್ದನ್ನು ಹಾಗೆಯೇ ಮಾಡಿಬಿಡಲು ಕೈ ಹಾತೊರೆಯುತ್ತದೆ. ಅದನ್ನು ತಡೆದು, ನಿಯಮವನ್ನು ನೆನಪಿಟ್ಟುಕೊಂಡು, ಬೇರೆಯದನ್ನು ಮಾಡಬೇಕು. ಹೀಗೆ ತಡೆಯುವ ಕೆಲಸವನ್ನು ಮುಖ್ಯವಾಗಿ ನಮ್ಮ ಹಣೆಯ ಹಿಂದಿರುವ ಮೆದುಳಿನ ಭಾಗ ಮಾಡುತ್ತದೆ. ಅದು ಸೈಕಲ್ಲಿನ ಬ್ರೇಕ್ ಇದ್ದಂತೆ. ಪಾಠ ನಡೆಯುವಾಗ ಹೊರಗೆ ಲಾರಿಯ ಸದ್ದು ಕೇಳಿದರೂ ನಮ್ಮ ಗಮನ ಪುಸ್ತಕದ ಮೇಲೆ ಉಳಿಯಲು ಈ ಬ್ರೇಕ್ ಬೇಕು.

ಬ್ರೇಕ್ ಬಲಿಯಲು ಸಮಯ ಬೇಕು

ಕೆಲವು ಮಕ್ಕಳಿಗೆ ಗಮನ ನಿಲ್ಲಿಸುವುದು ಬಹಳ ಕಷ್ಟ. ಪೆನ್ನು, ಪುಸ್ತಕ ಮರೆಯುತ್ತಾರೆ. ಕುಳಿತಲ್ಲಿ ಕುಳಿತಿರಲಾರರು. ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಹೇಳುತ್ತಾರೆ. ಇದು ಓದಿಗೂ ಗೆಳೆತನಕ್ಕೂ ಅಡ್ಡಿಯಾಗುವಷ್ಟು ಹೆಚ್ಚಿದ್ದರೆ ವೈದ್ಯರು ಅದನ್ನು ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎನ್ನುತ್ತಾರೆ. ಚಿಕ್ಕದಾಗಿ ಎಡಿಎಚ್‌ಡಿ. ಪ್ರಪಂಚದಲ್ಲಿ ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಇದು ಇರುತ್ತದೆಂದು ಅಂದಾಜು. ಬುದ್ಧಿಶಕ್ತಿ ಚೆನ್ನಾಗಿರುವ ಮಕ್ಕಳಲ್ಲೂ ಇದು ಕಾಣಿಸುತ್ತದೆ.

ಆದರೆ ತುಂಟರೆಲ್ಲರಿಗೂ ಎಡಿಎಚ್‌ಡಿ ಇರುವುದಿಲ್ಲ. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಆರಂಭವಾಗಿರಬೇಕು. ಆರು ತಿಂಗಳಾದರೂ ಇರಬೇಕು. ಮನೆ, ಶಾಲೆ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಕಾಣಿಸಬೇಕು. ಇದನ್ನು ತೀರ್ಮಾನಿಸಬೇಕಾದವರು ತಜ್ಞರು. ನಾವು ಯಾರಿಗೂ ಹಾಗೆ ಹೆಸರಿಡಬಾರದು.

2007ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಫಿಲಿಪ್ ಶಾ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಎಡಿಎಚ್‌ಡಿ ಇರುವ 223 ಮಕ್ಕಳು ಮತ್ತು ಇಲ್ಲದ 223 ಮಕ್ಕಳ ಮೆದುಳಿನ ಚಿತ್ರಗಳನ್ನು ಅವರು ಎಂ.ಆರ್.ಐ. ಯಂತ್ರದಿಂದ ತೆಗೆದು ಹೋಲಿಸಿದರು. ಬೆಳೆಯುವಾಗ ಮೆದುಳಿನ ಹೊರಪದರ ದಪ್ಪವಾಗುತ್ತಾ ಹೋಗಿ, ಒಂದು ಹಂತದ ನಂತರ ತೆಳುವಾಗತೊಡಗುತ್ತದೆ. ಹೊರಪದರದ ಅರ್ಧ ಭಾಗ ತನ್ನ ಗರಿಷ್ಠ ದಪ್ಪವನ್ನು ಮುಟ್ಟಿದ್ದು ಇತರ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷಕ್ಕೆ. ಎಡಿಎಚ್‌ಡಿ ಇದ್ದ ಮಕ್ಕಳಲ್ಲಿ ಸುಮಾರು ಹತ್ತೂವರೆ ವರ್ಷಕ್ಕೆ. ಬೆಳವಣಿಗೆಯ ಕ್ರಮ ಅದೇ, ಸಮಯ ಮಾತ್ರ ತಡ. ಎಲ್ಲಕ್ಕಿಂತ ಹೆಚ್ಚು ತಡವಾದದ್ದು ಹಣೆಯ ಹಿಂದಿನ ಭಾಗ. ಕೈಕಾಲುಗಳ ಚಲನೆಯನ್ನು ನಡೆಸುವ ಭಾಗ ಸ್ವಲ್ಪ ಬೇಗನೆ ಬಲಿತಿತ್ತು!

ಅಮ್ಮನ ತಪ್ಪೇ?

ಇಂತಹ ಮಗುವನ್ನು ಕಂಡಾಗ ಜನ ಸುಲಭವಾಗಿ ಹೇಳುವ ಮಾತೊಂದಿದೆ: “ತಾಯಿ ಸರಿಯಾಗಿ ಬೆಳೆಸಿಲ್ಲ.” ಎಡಿಎಚ್‌ಡಿ ಇರುವ ಮಕ್ಕಳ ತಾಯಂದಿರು ಹೆಚ್ಚು ಗದರಿಸುವುದು, ಹೆಚ್ಚು ಬಳಲಿರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಹಾಗಾದರೆ ಗದರಿಕೆಯಿಂದಲೇ ತೊಂದರೆ ಬಂತೇ?

ಇಲ್ಲಿ ವಿಜ್ಞಾನದ ಒಂದು ಎಚ್ಚರಿಕೆ ಬೇಕು. ಕೊಡೆಗಳು ಮತ್ತು ಮಳೆ ಒಟ್ಟಿಗೆ ಕಾಣಿಸುತ್ತವೆ. ಕೊಡೆಯಿಂದ ಮಳೆ ಬರುತ್ತದೆಯೇ? ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ.

1979ರಲ್ಲಿ ರಸೆಲ್ ಬಾರ್ಕ್ಲಿ ಮತ್ತು ಚಾರ್ಲ್ಸ್ ಕನ್ನಿಂಗ್‌ಹ್ಯಾಮ್ ಎಂಬ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದ ಅಧ್ಯಯನ ಪ್ರಕಟವಾಯಿತು. ಅತಿಚಟುವಟಿಕೆಯ ಹುಡುಗರಿಗೆ ಕೆಲವು ದಿನ ಔಷಧ, ಕೆಲವು ದಿನ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟರು. ಯಾವುದು ಯಾವಾಗ ಎಂಬುದು ತಾಯಂದಿರಿಗೆ ತಿಳಿದಿರಲಿಲ್ಲ. ಔಷಧ ಪಡೆದಾಗ ಹುಡುಗರು ಹೇಳಿದ ಮಾತನ್ನು ಹೆಚ್ಚು ಕೇಳಿದರು. ಆಗ ತಾಯಂದಿರ ಅಪ್ಪಣೆಗಳೂ ಕಡಿಮೆಯಾದವು! ಔಷಧ ನುಂಗಿದ್ದು ಮಗ, ಬದಲಾದದ್ದು ತಾಯಿಯೂ ಕೂಡ. ಅಂದರೆ ಗದರಿಕೆಯ ಒಂದು ಪಾಲು ತೊಂದರೆಯ ಕಾರಣವಲ್ಲ, ಅದರ ಪರಿಣಾಮ. ಎಡಿಎಚ್‌ಡಿಯಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ಎಂದು ಅವಳಿ ಮಕ್ಕಳ ಅಧ್ಯಯನಗಳೂ ತೋರಿಸಿವೆ.

ಹಾಗಾದರೆ ತಾಯಿಯ ಮನಸ್ಸಿನ ಸ್ಥಿತಿ ಮಕ್ಕಳಿಗೆ ಮುಖ್ಯವಲ್ಲವೇ? ಖಂಡಿತ ಮುಖ್ಯ. ದೇಹಕ್ಕೆ ಜ್ವರ ಬರುವಂತೆ ಮನಸ್ಸಿಗೂ ಕಾಯಿಲೆ ಬರುತ್ತದೆ. ಅವುಗಳಲ್ಲಿ ಒಂದು ಖಿನ್ನತೆ. ವಾರಗಟ್ಟಲೆ ಬೇಸರ, ಆಯಾಸ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಇದರ ಲಕ್ಷಣಗಳು. ಅಮೆರಿಕದಲ್ಲಿ ಮಿರ್ನಾ ವೈಸ್‌ಮನ್ ಮತ್ತು ಸಂಗಡಿಗರು ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದ 151 ತಾಯಂದಿರನ್ನೂ ಅವರ ಮಕ್ಕಳನ್ನೂ ಗಮನಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ತಿಂಗಳಲ್ಲಿ ಗುಣವಾದ ತಾಯಂದಿರ ಮಕ್ಕಳಲ್ಲಿ ಖಿನ್ನತೆ, ಆತಂಕ, ನಡವಳಿಕೆಯ ತೊಂದರೆಗಳು ಕಡಿಮೆಯಾದವು. ಗುಣವಾಗದ ತಾಯಂದಿರ ಮಕ್ಕಳಲ್ಲಿ ಹೆಚ್ಚಾದವು. ಇದೊಂದೇ ಅಧ್ಯಯನದಿಂದ ಕಾರಣ ಪೂರ್ತಿ ಸಾಬೀತಾಗುವುದಿಲ್ಲ. ಆದರೆ ತಾಯಿಗೆ ಸಿಗುವ ಚಿಕಿತ್ಸೆ ಮಗುವಿಗೂ ಒಳ್ಳೆಯದು ಎಂಬುದಕ್ಕೆ ಇದು ಬಲ ಕೊಡುತ್ತದೆ.

ಹೀಗೆ ಮಗುವಿನ ಕಷ್ಟ ತಾಯಿಯನ್ನು ಬಳಲಿಸುತ್ತದೆ. ತಾಯಿಯ ಬಳಲಿಕೆ ಮಗುವಿನ ಕಷ್ಟವನ್ನು ಹೆಚ್ಚಿಸುತ್ತದೆ. ಇದೊಂದು ಚಕ್ರ. ಚಕ್ರದಲ್ಲಿ ಮೊದಲ ತಪ್ಪು ಯಾರದೆಂದು ಹುಡುಕುವುದು ವ್ಯರ್ಥ. ಅದನ್ನು ಎಲ್ಲಿ ತಡೆಯಬಹುದು ಎಂದು ಕೇಳುವುದು ಜಾಣತನ.

ಏನು ಮಾಡಬಹುದು?

ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ಮಾಡಿದ ಕೂಡಲೇ ಮೆಚ್ಚುವುದು, ಊಟ, ಓದು, ನಿದ್ದೆಗೆ ನಿಗದಿತ ಸಮಯ ಇಡುವುದು ನೆರವಾಗುತ್ತವೆ. ಇವುಗಳನ್ನು ಹೆತ್ತವರಿಗೆ ಕಲಿಸುವ ತರಬೇತಿಗಳಿವೆ. ಔಷಧವನ್ನು ವೈದ್ಯರು ಹೇಳಿದರೆ ಮಾತ್ರ ಕೊಡಬೇಕು. ಮನೆಗೆಲಸವನ್ನು ಅಪ್ಪ, ಅಜ್ಜಿ, ಅಣ್ಣ, ಅಕ್ಕ ಎಲ್ಲರೂ ಹಂಚಿಕೊಂಡರೆ ಅಮ್ಮನಿಗೆ ವಿಶ್ರಾಂತಿ ಸಿಗುತ್ತದೆ.

ಮಕ್ಕಳೇ, ನಿಮ್ಮ ಮನೆಯಲ್ಲಿ ಅಮ್ಮ ಬಹಳ ದಿನಗಳಿಂದ ಮಂಕಾಗಿದ್ದರೆ ಅದು ನಿಮ್ಮ ತಪ್ಪಲ್ಲ. ಅವರನ್ನು ಗುಣಪಡಿಸುವ ಹೊಣೆಯೂ ನಿಮ್ಮದಲ್ಲ. ನಿಮಗೆ ನಂಬಿಕೆಯಿರುವ ಹಿರಿಯರಿಗೆ ಅಥವಾ ಶಿಕ್ಷಕರಿಗೆ ಹೇಳಿ. 2022ರಲ್ಲಿ ಆರಂಭವಾದ ಟೆಲಿ ಮನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ನಿಮ್ಮ ತರಗತಿಯಲ್ಲಿ ಕುಳಿತಲ್ಲಿ ಕೂರಲಾರದ ಗೆಳೆಯ ಇದ್ದರೆ ನಗಬೇಡಿ. ಪುಟ ಎಷ್ಟನೆಯದು ಎಂದು ಮೆಲ್ಲಗೆ ತೋರಿಸಿ.

ಯೋಚಿಸಿ, ಉತ್ತರಿಸಿ

1. ತಟ್ಟುವ ಆಟವನ್ನು ಒಂದನೇ ತರಗತಿಯವರೊಂದಿಗೂ ಏಳನೇ ತರಗತಿಯವರೊಂದಿಗೂ ಆಡಿ. ತಪ್ಪುಗಳನ್ನು ಪಟ್ಟಿ ಮಾಡಿ. ವ್ಯತ್ಯಾಸವೇನು? ಏಕೆ?

2. ಹುಸಿ ಮಾತ್ರೆಯ ವಿಷಯ ತಾಯಂದಿರಿಗೆ ತಿಳಿದಿದ್ದರೆ ಪ್ರಯೋಗದ ಫಲಿತಾಂಶವನ್ನು ನಂಬಬಹುದಿತ್ತೇ?

3. ಒಟ್ಟಿಗೆ ಕಾಣಿಸಿದರೂ ಒಂದಕ್ಕೊಂದು ಕಾರಣವಲ್ಲದ ಎರಡು ಸಂಗತಿಗಳನ್ನು ನಿಮ್ಮ ಊರಿನಲ್ಲಿ ಹುಡುಕಿ ಬರೆಯಿರಿ.